ನಲವತ್ತೊಂದನೇ ಬಿಲ್ಲೆ

ಮೊದಲ ಸಲ ನಾನೂ ಬರುತ್ತೇನೆ ಎಂದಾಗ ಅವರು ನನ್ನ ಕೈಗೊಂದು ಚೀಟಿ ಕೊಟ್ಟು, "ಮೇಲೆ ನೀನು ಸತ್ರೆ ಹೇಗೆ ಸಾಯ್ತೀಯ ಅಂತ ಬರಿ" ಎಂದರು. ಮೇಲೆ ಎಂದರೆ ಘಟ್ಟದ ನೆತ್ತಿಯ ಹುಲ್ಲುಬಯಲು. ಪ್ರತಿ ವರ್ಷ ಮಾಗಿಯಲ್ಲಿ ಅವರು ಮೂರು ನಾಲ್ಕು ಜನರನ್ನು ಕಟ್ಟಿಕೊಂಡು ಅಲ್ಲಿಗೆ ಹತ್ತಿ, ಒಂದು ರಾತ್ರಿ ಕಳೆದು ಇಳಿಯುತ್ತಿದ್ದರು. ನಾವು ಕೂತಿದ್ದದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಶಿವಣ್ಣನ ಕಿರಾಣಿ ಅಂಗಡಿಯ ಒಳಕೋಣೆಯಲ್ಲಿ, ಅಕ್ಕಿ ಮೂಟೆಗಳ ಮೇಲೆ. ನಾನು ತಮಾಷೆಯೆಂದುಕೊಂಡು "ಹಾವು ಕಚ್ಚಿ" ಎಂದು ಬರೆದೆ. ಶಿವಣ್ಣ "ಹೆಂಡತಿಗೆ ಹೇಳದೆ ಹೋಗಿದ್ದಕ್ಕೆ, ವಾಪಸು ಬಂದ ಮೇಲೆ" ಎಂದು ಬರೆದಿದ್ದ. ನಾವಿಬ್ಬರೂ ನಕ್ಕೆವು. ಅವರು ನಗಲಿಲ್ಲ. ಮಾಗಿಯ ಚಳಿಯಲ್ಲಿ ಹಾವು ಬಿಲದೊಳಗೆ ಬೆಚ್ಚಗೆ ಮಲಗಿರುತ್ತದೆ, ಅದಕ್ಕಿರುವ ಬುದ್ಧಿ ನಿನಗಿಲ್ಲ ಎಂದು ಹೇಳಿ, ಚೀಟಿ ಹರಿದು ಹಾಕಿ ಇನ್ನೊಂದು ಕೊಟ್ಟರು.

ಎಲ್ಲರೂ ಬರೆದು ಮುಗಿಸಿದ ಮೇಲೆ ಒಂದೊಂದನ್ನೇ ಓದಿ, ಆ ಸಾವು ಬರದಂತೆ ಏನು ಮಾಡಬೇಕು ಎಂದು ಗಂಟೆಗಟ್ಟಲೆ ಚರ್ಚೆ. ಅವರ ಯೋಜನೆ ಎಂದರೆ ಇಷ್ಟೇ. ತಾವೂ ಒಂದು ಚೀಟಿ ಬರೆಯುತ್ತಿದ್ದರು. ಪ್ರತಿ ವರ್ಷವೂ ಅದರಲ್ಲಿ ಒಂದೇ ಮಾತು: "ಇನ್ನೊಬ್ಬರ ಅವಸರದಿಂದ."

ಅವರು ಈ ಪುಷ್ಯದಲ್ಲಿ ತೀರಿಕೊಂಡರು. ಮೇಲೆ ಅಲ್ಲ, ಭದ್ರಾವತಿಯ ನ್ಯೂ ಟೌನಿನ ತಮ್ಮ ಮನೆಯಲ್ಲಿ, ದಿಂಬಿಗೆ ಒರಗಿ ಕೂತಲ್ಲೇ. ಆದರೂ ಅವರ ಸಾವು ಶುರುವಾದದ್ದು ಎರಡು ವರ್ಷದ ಹಿಂದೆ ಆ ಬಯಲಿನ ಇಳಿಜಾರಿನಲ್ಲಿ, ಮತ್ತು ಅದರಲ್ಲಿ ನನ್ನ ಕೈಯಿದೆ. ಕೈಯಿದೆ ಎಂದು ಸುಮ್ಮನೆ ಮಾತಿಗೆ ಹೇಳುತ್ತಿಲ್ಲ. ಅವರ ಹೆಸರು ಬರೆಯುವುದಿಲ್ಲ. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಶಿವಮೊಗ್ಗದ ಹೊರಗೆ ಒಂದು ಚಿಕ್ಕ ಫೌಂಡ್ರಿ ಇತ್ತು. ಈಗ ಅದಿಲ್ಲ, ಅಲ್ಲೊಂದು ಕಲ್ಯಾಣಮಂಟಪ ಎದ್ದಿದೆ. ಅಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವ ಗುಂಪಿಗೆ ಅವರು ಮೇಸ್ತ್ರಿ, ನಾನು ಟೈಮ್ ಆಫೀಸಿನ ಗುಮಾಸ್ತ. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಕುಲುಮೆಯ ಕಾವು ನೋಡಲು ಅವರು ಕೈಯ ಹಿಂಬದಿಯನ್ನು ಒಡ್ಡುತ್ತಿದ್ದರು. ದುಡಿದು ದುಡಿದು ಅಂಗೈ ಜಡ್ಡುಗಟ್ಟಿರುತ್ತದೆ, ಅದನ್ನು ನಂಬಬಾರದು ಎನ್ನುವುದು ಅವರ ವಾದ. ಮುಂದೆ ಬಯಲಿನಲ್ಲೂ ಗಾಳಿಗೆ ಹಾಗೇ ಕೈಯ ಹಿಂಬದಿ ಒಡ್ಡಿ, ಕಣ್ಣು ಮುಚ್ಚಿ ನಿಲ್ಲುವುದನ್ನು ನೋಡಿದ್ದೇನೆ. ಆಮೇಲೆ ಅವರು ಹೇಳಿದ್ದೇ ಹವಾಮಾನ. ಮೊಬೈಲು ಬೇರೆ ಏನಾದರೂ ಹೇಳಿದರೆ ಮೊಬೈಲನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಫೌಂಡ್ರಿಯಲ್ಲಿ ಹಾಜರಿಗೆ ಹಿತ್ತಾಳೆ ಬಿಲ್ಲೆಗಳಿದ್ದವು. ಎರಡು ರೂಪಾಯಿ ನಾಣ್ಯಕ್ಕಿಂತ ಕೊಂಚ ದೊಡ್ಡವು, ಮೇಲೊಂದು ತೂತು, ಮುಂದೆ ಸಂಖ್ಯೆ, ಹಿಂದೆ ಬೋಳು. ಬಂದವನು ತನ್ನ ಬಿಲ್ಲೆಯನ್ನು "ಹೊರಗೆ" ಎನ್ನುವ ಹಲಗೆಯಿಂದ ತೆಗೆದು "ಒಳಗೆ" ಎನ್ನುವ ಹಲಗೆಗೆ ಹಾಕಬೇಕು. ಸೈರನ್ ಕೂಗಿದ ಮೇಲೆ ನಾನು ಹಲಗೆ ನೋಡಿ ಹಾಜರಿ ಬರೆಯಬೇಕು. ಆದರೆ ಮನುಷ್ಯನಾದವನು ಒಂದು ದಿನವಾದರೂ ತಡ ಮಾಡುತ್ತಾನೆ. ಹೆಂಡತಿಗೆ ಹೆರಿಗೆ, ಸೈಕಲ್ಲಿಗೆ ಪಂಕ್ಚರ್. ಅಂಥವನ ಬಿಲ್ಲೆಯನ್ನು ಗೆಳೆಯರು ಹಾಕುತ್ತಿದ್ದರು. ನಾನೂ ಹಾಕುತ್ತಿದ್ದೆ, ಅದೂ ಧಾರಾಳವಾಗಿ. ಅದಕ್ಕೊಂದು ಪದ್ಧತಿ ಇತ್ತು. ಬೇರೆಯವರ ಬಿಲ್ಲೆ ಹಾಕಿದರೆ ಸಂಖ್ಯೆ ಗೋಡೆಯ ಕಡೆಗೆ, ಬೋಳು ಬೆನ್ನು ನಮ್ಮ ಕಡೆಗೆ ಮಾಡಿ ಹಾಕಬೇಕು. ತಡವಾಗಿ ಬಂದವನು ಹಲಗೆ ನೋಡಿ, ಓಹೋ ನನ್ನದು ಯಾರೋ ಹಾಕಿದ್ದಾರೆ ಎಂದು ತಿಳಿದು, ಸದ್ದಿಲ್ಲದೆ ಅದನ್ನು ಸರಿಯಾಗಿ ತಿರುಗಿಸಿ ಒಳಗೆ ಹೋಗುತ್ತಿದ್ದ. ಮಾಲೀಕರಿಗೆ ಕೊನೆಯವರೆಗೂ ಇದು ಗೊತ್ತಾಗಲಿಲ್ಲ.

ಮೇಸ್ತ್ರಿ ಭದ್ರಾವತಿಯಿಂದ ದಿನಾ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದರು. ಒಂದು ದಿನ ರೈಲು ಮುಕ್ಕಾಲು ಗಂಟೆ ತಡ. ನಾನು ಅವರ ನಲವತ್ತೊಂದನೇ ಬಿಲ್ಲೆಯನ್ನು ಬೆನ್ನು ಮಾಡಿ ಒಳಗಿನ ಹಲಗೆಗೆ ಹಾಕಿದೆ. ಉಪಕಾರ ಮಾಡಿದೆನೆಂದು ಒಳಗೊಳಗೇ ಬೀಗುತ್ತಿದ್ದೆ. ಅವರು ಬಂದು, ಹಲಗೆ ನೋಡಿ, ಬಿಲ್ಲೆಯನ್ನು ಕಿತ್ತು ಹೊರಗಿನ ಹಲಗೆಗೆ ಹಾಕಿ, ನನ್ನ ಮೇಜಿನ ಮುಂದೆ ನಿಂತರು. "ನಾನು ಬಂದಿಲ್ಲ ಅಂದ್ರೆ ಬಂದಿಲ್ಲ ಅಂತ್ಲೇ ಇರ್ಲಿ ಕಣೋ. ಒಳಗೆ ಕುಲುಮೆ ಏನಾದ್ರೂ ಒಡೆದ್ರೆ, ಇಲ್ಲದೇ ಇರೋ ನನ್ನನ್ನ ಹುಡುಕ್ಕೊಂಡು ಇನ್ನೊಬ್ಬ ಬೆಂಕಿಗೆ ನುಗ್ತಾನೆ" ಎಂದರು. ಅರ್ಧ ದಿನದ ಸಂಬಳ ಕಳೆದುಕೊಂಡು ಕೆಲಸಕ್ಕೆ ಹೋದರು. ನನಗೆ ಮೈ ಉರಿಯಿತು. ಇವರೊಬ್ಬರೇ ಸತ್ಯಹರಿಶ್ಚಂದ್ರರು ಎಂದು ವಾರಗಟ್ಟಲೆ ಎಲ್ಲರ ಹತ್ತಿರ ಆಡಿಕೊಂಡೆ. ಅಭ್ಯಾಸ ಮಾತ್ರ ಬಿಡಲಿಲ್ಲ.

ಫೌಂಡ್ರಿ ಮುಚ್ಚಿದಾಗ ಬಿಲ್ಲೆಗಳು ಗುಜರಿಗೆ ಹೊರಟಿದ್ದವು. ಅವರು ತಮ್ಮದನ್ನೂ ಇನ್ನು ಕೆಲವನ್ನೂ ಕೇಳಿ ತೆಗೆದುಕೊಂಡರು. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತವರಿಗೆ ನಿವೃತ್ತಿಯಲ್ಲಿ ಹಿಡಿದ ಹುಚ್ಚು ಚಳಿಯದು. ವರ್ಷಕ್ಕೊಂದು ರಾತ್ರಿಯಾದರೂ ಮೈ ತಣ್ಣಗಾಗಲಿ ಎನ್ನುತ್ತಿದ್ದರು.

ದೀಪಾವಳಿ ಮುಗಿದ ಮರು ಭಾನುವಾರದಿಂದಲೇ ಅಂಗಡಿಯ ಒಳಕೋಣೆಯಲ್ಲಿ ಸಭೆ ಶುರು. ಅರಣ್ಯ ಇಲಾಖೆಯ ಅನುಮತಿ ಪತ್ರದಿಂದ ಹಿಡಿದು ಎಷ್ಟು ಜೊತೆ ಕಾಲುಚೀಲ ಎನ್ನುವವರೆಗೆ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದರು. ಪ್ರತಿಯೊಬ್ಬರ ಚೀಲವೂ ಶಿವಣ್ಣನ ಅಕ್ಕಿ ತಕ್ಕಡಿ ಏರಬೇಕು. ಶಿವಮೊಗ್ಗದ ಲ್ಯಾಬಿನಲ್ಲಿ ಕೆಲಸ ಮಾಡುವ ಸುಧಾ ಒಂದು ಸಲ ಕನ್ನಡಿ, ಬಾಚಣಿಗೆ ಇಟ್ಟುಕೊಂಡಿದ್ದಳು. ಅದನ್ನು ತೆಗೆಸಲಿಲ್ಲ, ಕನ್ನಡಿಯಿಂದ ಬಿಸಿಲು ಹಾಯಿಸಿ ದೂರದವರಿಗೆ ಗುರುತು ತೋರಿಸಬಹುದು ಎಂದರು. ನನ್ನ ಚೀಲದಿಂದ ಮಾತ್ರ ಚಕ್ಕುಲಿ ಡಬ್ಬಿ ಹೊರಗೆ ಬಂತು, ಎರಡು ಭಾನುವಾರದ ಸಭೆಗೆ ಅದೇ ತಿಂಡಿಯಾಯಿತು.

ಹತ್ತಿ ಬಟ್ಟೆ ಬೇಡ ಎಂದು ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ಅವರು ಬಾಯಲ್ಲಿ ಹೇಳುವವರಲ್ಲ. ಒಂದು ಧನುರ್ಮಾಸದ ಬೆಳಗಿನ ಜಾವ ನಮ್ಮನ್ನೆಲ್ಲ ಭದ್ರಾ ದಂಡೆಗೆ ಕರೆಸಿ, ಹತ್ತಿ ಅಂಗಿಯನ್ನು ಹೊಳೆಯಲ್ಲಿ ಅದ್ದಿ ನನಗೆ ತೊಡಿಸಿ, ಗಾಳಿಗೆ ಮುಖ ಮಾಡಿ ನಿಲ್ಲಿಸಿದರು. ಐದು ನಿಮಿಷದಲ್ಲಿ ಹಲ್ಲು ಕಟಕಟ ಎನ್ನತೊಡಗಿತು. ಹತ್ತು ನಿಮಿಷಕ್ಕೆ ನನ್ನ ಹೆಸರು ಕೇಳಿದರು. ಹೇಳುವುದಕ್ಕೆ ನಾಲಿಗೆ ತಿರುಗಲಿಲ್ಲ. ಆಮೇಲೆ ತಮ್ಮ ಕಂಬಳಿ ಹೊದಿಸಿ, ಬಿಸಿ ಕಾಫಿ ಕೊಟ್ಟು, ನನ್ನ ಅಂಗೈಗಳನ್ನು ತಾವೇ ತಿಕ್ಕಿದರು. "ಚಳಿಗೆ ಯಾರೂ ಸಾಯಲ್ಲ ಮಾರಾಯ. ಒದ್ದೆಗೆ, ಗಾಳಿಗೆ ಸಾಯ್ತಾರೆ. ಬೆಂಕಿ ಬರೋದು ಕಣ್ಣಿಗೆ ಕಾಣುತ್ತೆ, ಇದು ಕಾಣಲ್ಲ" ಎಂದರು. ಆ ಮಾತು ಹೇಳುವಾಗ ಅವರು ನನ್ನನ್ನು ನೋಡುತ್ತಿರಲಿಲ್ಲ. ಹೊಳೆಯಾಚೆ ನೋಡುತ್ತಿದ್ದರು.

ಅವರ ನಿಯಮಗಳಲ್ಲೆಲ್ಲ ದೊಡ್ಡದು ಹಲಗೆಯದು. ಜೀಪು ದಾರಿ ಮುಗಿಯುವ ಕಡೆ ಗಿರಿಜಮ್ಮ ಎನ್ನುವವರದೊಂದು ಚಹಾ ಅಂಗಡಿ, ಹಿಂದೆ ಅವರ ಮನೆ. ಅಂಗಡಿಯ ಸೂರಿನಡಿ ಮೇಸ್ತ್ರಿ ಒಂದು ಹಲಗೆ ಹೊಡೆದಿದ್ದರು, ಅದಕ್ಕೆ ಎರಡು ಸಾಲು ಮೊಳೆ. ಹತ್ತುವವರು ತಮ್ಮ ತಮ್ಮ ಬಿಲ್ಲೆಯನ್ನು ಮೇಲಿನ ಸಾಲಿಗೆ ಹಾಕಬೇಕು. ಇಳಿದವರು ತಮ್ಮ ಕೈಯಾರೆ ಅದನ್ನು ಕೆಳಗಿನ ಸಾಲಿಗೆ ಹಾಕಬೇಕು. ಇನ್ನೊಬ್ಬರ ಬಿಲ್ಲೆ ಮುಟ್ಟುವಂತಿಲ್ಲ. ಎಲ್ಲ ಬಿಲ್ಲೆಗಳೂ ಕೆಳಗೆ ಬರುವ ತನಕ ಜೀಪು ಹೊರಡುವಂತಿಲ್ಲ. ಮೇಲಿನ ಸಾಲಿನಲ್ಲಿ ಒಂದು ಬಿಲ್ಲೆ ಇರುವ ತನಕ ಗಿರಿಜಮ್ಮ ಅಂಗಡಿಯ ದೀಪ ಆರಿಸುವಂತಿಲ್ಲ, ಕತ್ತಲಾದರೆ ಮೈಲಿಯಾಚೆಯ ಚೆಕ್‌ಪೋಸ್ಟಿಗೆ ಆಳು ಕಳಿಸಬೇಕು. ಮೇಲೆ ಯಾರಾದರೂ ಸಿಕ್ಕಿಕೊಂಡರೆ ಅವರು ಅಲೆದಾಡದೆ ಇದ್ದಲ್ಲೇ ಇರಬೇಕು. "ಬಿಲ್ಲೆ ನಿಮ್ಮನ್ನ ಹುಡುಕ್ಕೊಂಡು ಬರುತ್ತೆ" ಎನ್ನುವುದು ಅವರ ಮಾತು. ಫೌಂಡ್ರಿಯಿಂದ ಬಂದವರು ನಾವಿಬ್ಬರೇ ಆದ್ದರಿಂದ ಅವರು ಇದನ್ನು ಹೇಳುವಾಗ ಒಂದು ಸಲ ನನ್ನ ಕಡೆ ನೋಡುತ್ತಿದ್ದರು.

ಎರಡು ವರ್ಷದ ಹಿಂದೆ ಹೋದದ್ದು ಐದು ಜನ. ಅವರು, ನಾನು, ಶಿವಣ್ಣ, ಸುಧಾ, ಮತ್ತು ಬಸ್ ಕಂಡಕ್ಟರ್ ಲೋಕೇಶ. ಆ ವಾರ ಸಮುದ್ರದ ಕಡೆ ಏನೋ ವಾಯುಭಾರ ಕುಸಿತ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಮುಂದೂಡೋಣವೇ ಎಂದು ಅವರು ಕೇಳಿದರು. ಲೋಕೇಶನಿಗೆ ಮತ್ತೆ ರಜೆ ಸಿಗುವಂತಿರಲಿಲ್ಲ, ಅನುಮತಿ ಪತ್ರ ಮತ್ತೆ ಮಾಡಿಸಬೇಕಿತ್ತು. ನಾವೆಲ್ಲ ಹೋಗೋಣ ಎಂದೆವು. ಅವರು ಎರಡನೆಯ ದಿನ ಮಧ್ಯಾಹ್ನದೊಳಗೆ ಇಳಿಯುವುದಾದರೆ ಸರಿ ಎಂದು ಒಪ್ಪಿದರು.

ಮೊದಲ ದಿನ ಬಿಸಿಲಿತ್ತು. ಆ ಬಯಲಿನಲ್ಲಿ ಮರವಿಲ್ಲ, ಮರೆಯಿಲ್ಲ. ಬರೀ ಒಣಹುಲ್ಲು ಆಕಾಶದವರೆಗೆ. ಒಂದು ತಗ್ಗಿನಲ್ಲಿ ಡೇರೆ ಹಾಕಿ ಮಲಗಿದೆವು. ಬೆಳಗಾಗುವಷ್ಟರಲ್ಲಿ ಮೋಡ ನೆಲಕ್ಕೆ ಇಳಿದಿತ್ತು. ಅವರು ಹೊರಗೆ ನಿಂತು ಗಾಳಿಗೆ ಕೈಯ ಹಿಂಬದಿ ಒಡ್ಡಿದರು, ಬಹಳ ಹೊತ್ತು ಒಡ್ಡಿದರು, ಒಳಗೆ ಬಂದು ತಿಂಡಿಯೂ ಬೇಡ, ಹೊರಡಿ ಎಂದರು. ದಾರಿಯಲ್ಲಿ ಜಿನುಗು ಮಳೆ ಹಿಡಿಯಿತು. ಲೋಕೇಶ ಮುಂದೆ, ಆಮೇಲೆ ಶಿವಣ್ಣ, ಸುಧಾ, ನಾನು. ಎಲ್ಲರಿಗಿಂತ ಹಿಂದೆ ಅವರು. ಕೊನೆಯಲ್ಲಿ ನಡೆಯುವುದು ಯಾವಾಗಲೂ ಅವರ ಪಾಲು. ಅಂಗಡಿಗೆ ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಕೊನೆಯ ಇಳಿಜಾರಿನ ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದೆ. ಮಂಜಿನ ನಡುವೆ ಅವರು ಕೈ ಎತ್ತಿದರು, ನಡಿ ನಡಿ ಎನ್ನುವ ಹಾಗೆ. ನಾನು ಬೇಗ ಬೇಗ ಇಳಿದೆ.

ನಾನು ಅಂಗಡಿ ತಲುಪಿದಾಗ ಉಳಿದ ಮೂವರೂ ಪರದೆ ಇಳಿಬಿಟ್ಟ ಜೀಪಿನೊಳಗೆ ಕೂತಾಗಿತ್ತು. ಸುಧಾಳ ತುಟಿ ನೀಲಿಗಟ್ಟಿ, ಮಾತು ತೊದಲುತ್ತಿತ್ತು. ಲೋಕೇಶನಿಗೆ ಸಂಜೆ ಶಿವಮೊಗ್ಗದಿಂದ ಡ್ಯೂಟಿ. ಮೇಸ್ತ್ರಿ ನಮ್ಮ ಜೊತೆ ಜೀಪಿನಲ್ಲಿ ಬರುವವರಲ್ಲ, ತಮ್ಮ ಹಳೆಯ ಬೈಕಿನಲ್ಲಿ ಬರುವವರು. ಇಳಿದ ಕೂಡಲೇ ಅವರು ಹಿಂದಿನ ಅಡಿಗೆಮನೆಗೆ ಹೋಗಿ ಗಿರಿಜಮ್ಮನ ಒಲೆಯ ಮುಂದೆ ಕೂರುವುದು ವಾಡಿಕೆ. ನಾನು ನನ್ನ ಬಿಲ್ಲೆಯನ್ನು ಕೆಳಗಿನ ಸಾಲಿಗೆ ಹಾಕಿದೆ. ಮೇಲಿನ ಸಾಲಿನಲ್ಲಿ ನಲವತ್ತೊಂದು ಒಂದೇ ಉಳಿಯಿತು.

ಸೂರಿನಡಿ ಹತ್ತು ನಿಮಿಷ ಕಾದೆ. ಇಳಿಜಾರಿನಲ್ಲಿ ಮಂಜು ಬಿಟ್ಟು ಏನೂ ಕಾಣಲಿಲ್ಲ. ಡ್ರೈವರ್ ಹಾರ್ನ್ ಹೊಡೆದ. ಜೀಪಿನೊಳಗಿಂದ ಶಿವಣ್ಣ, ಈ ಹುಡುಗಿಗೆ ಏನಾದರೂ ಆದೀತು ಎಂದು ಗೊಣಗಿದ. ಗಿರಿಜಮ್ಮ ಹಿಂದೆ ದನಕ್ಕೆ ಹುಲ್ಲು ಹಾಕುತ್ತಿದ್ದರು. ಮೇಸ್ತ್ರಿ ನನ್ನ ಕಣ್ಣಳತೆಯಲ್ಲೇ ಇದ್ದವರು, ಇನ್ನೇನು ಬಂದೇ ಬಿಡುತ್ತಾರೆ. ನಾನು ಅವರ ಬಿಲ್ಲೆಯನ್ನು ಮೇಲಿನ ಮೊಳೆಯಿಂದ ತೆಗೆದು ಕೆಳಗಿನ ಮೊಳೆಗೆ ಹಾಕಿದೆ. ನಾನು ಯೋಚಿಸಲಿಲ್ಲ. ಟೈಮ್ ಆಫೀಸಿನ ಬೆರಳು ತಾನೇ ಅದನ್ನು ತಿರುಗಿಸಿ, ಬೆನ್ನು ಮಾಡಿ ಹಾಕಿತು. ಹೋಗಿ ಜೀಪಿನಲ್ಲಿ ಕೂತೆ. ಡ್ರೈವರ್ ನಿಯಮದಂತೆ ಇಳಿದು, ಹಲಗೆ ನೋಡಿ ಬಂದು, ಎಲ್ಲಾ ಕೆಳಗಿದೆ ಎಂದು ಗಾಡಿ ಚಾಲೂ ಮಾಡಿದ. ಮೇಸ್ತ್ರಿ ಒಲೆಯ ಮುಂದೆ ಇದ್ದಾರೆಂದು ಎಲ್ಲರೂ ತಿಳಿದರು. ನಾನು ಬಾಯಿಬಿಡಲಿಲ್ಲ.

ಸಂಜೆ ಏಳೂವರೆಗೆ ಶಿವಮೊಗ್ಗದ ನನ್ನ ಮನೆಯಲ್ಲಿ ಕಂಬಳಿ ಹೊದ್ದು ಮೆಣಸಿನ ಸಾರು ಕುಡಿಯುತ್ತಿದ್ದೆ. ಅವರ ಹೆಂಡತಿಯ ಫೋನು ಬಂತು. ಅವರನ್ನು ನಾನು ಅಕ್ಕ ಎನ್ನುತ್ತೇನೆ.

"ಇವರಿನ್ನೂ ಬಂದಿಲ್ವಲ್ಲ. ಇಳಿದ್ರು ತಾನೆ?"

"ನಮ್ಮ ಹಿಂದೇನೇ ಇದ್ರು ಅಕ್ಕ. ಮಳೆ ಅಂತ ಗಿರಿಜಮ್ಮನ ಮನೇಲಿ ಉಳ್ಕೊಂಡಿರ್ತಾರೆ."

"ಹಲಗೆ ನೋಡಿದ್ರಾ?"

"ನೋಡಿದೆ. ಎಲ್ಲಾ ಕೆಳಗೇ ಇತ್ತು."

ಒಂದು ಮಾತೂ ಸುಳ್ಳಲ್ಲ. ಮಳೆ ಬಂದರೆ ಗಿರಿಜಮ್ಮನ ಫೋನು ಸತ್ತಂತೆ, ಆದರೆ ಚೆಕ್‌ಪೋಸ್ಟಿನ ನಂಬರು ನನ್ನ ಹತ್ತಿರ ಇತ್ತು. ಮಾಡಬಹುದಿತ್ತು. ಮಾಡಿ ಏನೆನ್ನುವುದು? ಬಿಲ್ಲೆ ಕೆಳಗಿದೆ, ಮನುಷ್ಯ ಇಳಿದಿದ್ದಾನೋ ನೋಡಿ ಎನ್ನುವುದೇ? ಹಾಗೆಂದರೆ ಬಿಲ್ಲೆ ಕೆಳಗೆ ಹೇಗೆ ಬಂತು ಎಂದು ಕೇಳುತ್ತಾರೆ. ಬಂದಿರುತ್ತಾರೆ, ಬಂದೇ ಇರುತ್ತಾರೆ ಎಂದು ಹೇಳಿಕೊಂಡು ಮಲಗಿದೆ. ನಿದ್ದೆಯೂ ಬಂತು. ಇವತ್ತಿಗೂ ನನಗೆ ಎಲ್ಲಕ್ಕಿಂತ ನಾಚಿಕೆಯಾಗುವುದು ಆ ನಿದ್ದೆಯ ಬಗ್ಗೆ.

ಬೆಳಗ್ಗೆ ಗಿರಿಜಮ್ಮ ಸೌದೆಗೆಂದು ಮನೆಯ ಪಕ್ಕದ ಮಾಡಿನಡಿಗೆ ಹೋದಾಗ, ಅಲ್ಲಿ ನಿಲ್ಲಿಸಿದ್ದ ಮೇಸ್ತ್ರಿಯ ಬೈಕು ಕಂಡರು. ಹಿಂದಿನ ಸಂಜೆ ಅವರು ಹಲಗೆ ನೋಡಿದ್ದರು, ಮೇಲಿನ ಸಾಲು ಖಾಲಿಯಿತ್ತು, ಆದ್ದರಿಂದ ಬೇರೇನೂ ನೋಡಿರಲಿಲ್ಲ. ಊರಿನ ಇಬ್ಬರು ಓಡಿದರು. ಮೇಸ್ತ್ರಿ ಸಿಕ್ಕಿದ್ದು ಅಂಗಡಿಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ. ಒದ್ದೆ ಹುಲ್ಲಿನ ಮೇಲೆ ಜಾರಿ ಪಾದದ ಗಂಟು ಮುರಿದಿತ್ತು. ಕಂಬಳಿಯಲ್ಲಿ ಹೊತ್ತು ಇಳಿಸಿದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂರು ವಾರ ಇದ್ದರು. ಕಾಲು ಕೂಡಿತು, ಎದೆಗೆ ಹತ್ತಿದ್ದು ಬಿಡಲಿಲ್ಲ. ಫೌಂಡ್ರಿಯ ಧೂಳು ಕುಡಿದ ಶ್ವಾಸಕೋಶ, ಅದಕ್ಕೆ ಆ ರಾತ್ರಿ ಸಾಕಾಯಿತು. ನಾನು ಕಿತ್ತಳೆ ಹಣ್ಣು ಹಿಡಿದುಕೊಂಡು ಹೋದೆ. ಮೊಣಕೈ, ಮೊಣಕಾಲು, ಅಂಗೈಗಳಿಗೆಲ್ಲ ಪಟ್ಟಿ ಕಟ್ಟಿದ್ದರು. ನಾನು ಕೇಳಲಿಲ್ಲ, ಅವರೇ ಹೇಳಿದರು.

"ಗಿರಿಜಮ್ಮನ ದೀಪ ಕಾಣ್ತಿತ್ತು ಕಣೋ. ಮಂಜು ಸರಿದಾಗೆಲ್ಲ ಕಾಣ್ತಿತ್ತು. ಸೀಟಿ ಊದ್ತಾ ಕೂತಿದ್ದೆ. ಹೆದರಿಕೆ ಏನೂ ಆಗ್ಲಿಲ್ಲ, ಬಿಲ್ಲೆ ಮೇಲಿದೆಯಲ್ಲ, ಬರ್ತಾರೆ ಅಂತ. ಎಂಟು ಗಂಟೆಗೆ ದೀಪ ಆರ್ತು. ಆಮೇಲೆ ತೆವಳೋಕೆ ಶುರು ಮಾಡ್ದೆ."

ಹೇಳಬೇಕೆಂದೇ ಹೋಗಿದ್ದೆ. ಅವರು ಪಟ್ಟಿ ಕಟ್ಟಿದ ಕೈಯನ್ನು ತಿರುಗಿಸಿ, ಅದರ ಹಿಂಬದಿಯನ್ನು ನನ್ನ ಕೆನ್ನೆಗೆ ತಾಗಿಸಿದರು. ಕಾವು ನೋಡುವ ಹಾಗೆ. ಬಿಲ್ಲೆ ಯಾರು ಮುಟ್ಟಿದರು ಎಂದು ತಾವು ಯಾರನ್ನೂ ಕೇಳುವುದಿಲ್ಲ ಎಂದರು. ಆಮೇಲೆ ಕಾದರು. ನಾನು ಕಿತ್ತಳೆ ಸುಲಿದು ಕೊಟ್ಟೆ.

ತಪ್ಪೆಲ್ಲ ಗಿರಿಜಮ್ಮನ ತಲೆಗೆ ಬಂತು. ಹಲಗೆ ಒರೆಸುವಾಗ ಬಿಲ್ಲೆ ಬಿದ್ದಿರಬೇಕು, ಎತ್ತಿ ಗೊತ್ತಾಗದೆ ಕೆಳಗಿನ ಸಾಲಿಗೆ ಹಾಕಿರಬೇಕು ಎಂದು ಲೋಕೇಶನೂ ಶಿವಣ್ಣನೂ ತೀರ್ಮಾನಿಸಿದರು. ಆ ಹೆಂಗಸು ದೇವರಾಣೆ ಮಾಡಿ ಅತ್ತರಂತೆ. ಅವಳದೇನೂ ತಪ್ಪಿಲ್ಲ ಎಂದು ಮೇಸ್ತ್ರಿ ಎರಡು ಮೂರು ಸಲ ಹೇಳಿದರು. ಒಳ್ಳೆಯತನಕ್ಕೆ ಹೇಳುತ್ತಾರೆಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತಿದ್ದೆ.

ಮುಂದಿನ ದೀಪಾವಳಿ ಕಳೆದ ಮೇಲೆ ಅವರು ಮತ್ತೆ ಸಭೆ ಕರೆದರು. ಅಂಗಡಿಯ ಮೆಟ್ಟಿಲು ಹತ್ತಲು ನಡುವೆ ನಿಂತು ಉಸಿರು ತೆಗೆದುಕೊಳ್ಳಬೇಕಾಗಿತ್ತು, ಅಂಥವರು ಕ್ಯಾಲೆಂಡರಿನ ಹಿಂಬದಿಯಲ್ಲಿ ಚಾರಣ ಬರೆಯುತ್ತಿದ್ದರು. ಯಾರೂ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಚೀಲ ತೂಗಿದೆವು, ಚೀಟಿ ಬರೆದೆವು. ಎರಡು ವರ್ಷವೂ ಅವರ ಚೀಟಿಯಲ್ಲಿ ಅದೇ ಮಾತಿತ್ತು. ಓದುವ ಸರದಿ ನನ್ನದಿದ್ದರೆ ಗಟ್ಟಿಯಾಗಿ ಓದು ಎನ್ನುತ್ತಿದ್ದರು. ಓದುತ್ತಿದ್ದೆ. ಪ್ರತಿ ಭಾನುವಾರ ಬಸ್ಸಿನಲ್ಲಿ ಭದ್ರಾವತಿಗೆ ಹೋಗುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ವಾಪಸು ಬರುವಾಗ ಮುಂದಿನ ವಾರ ಎಂದುಕೊಳ್ಳುವುದು. ಅಪ್ಪನಿಗೆ ಹೆದರುವ ಮಗುವಿನ ಹಾಗೆ ಐವತ್ತೆಂಟು ವರ್ಷದ ಗಂಡಸು ಓಡಾಡಿದೆ. ಹಾಗೆ ಓಡಾಡುತ್ತಿರುವಾಗಲೇ ಪುಷ್ಯ ಬಂತು.

ಹನ್ನೊಂದನೇ ದಿನದ ಕಾರ್ಯಕ್ಕೆ ನ್ಯೂ ಟೌನಿನ ಮನೆಗೆ ಹೋಗಿದ್ದೆವು. ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಶಿವಣ್ಣ, ಸುಧಾ, ನಾನು ಉಳಿದೆವು. ಅಕ್ಕ ಒಳಗಿನಿಂದ ಖಾಕಿ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದು ನಮ್ಮ ಮುಂದೆ ಬಿಚ್ಚಿದರು. ಹಲಗೆ. ಅದು ಗಿರಿಜಮ್ಮನ ಅಂಗಡಿಯಲ್ಲೇ ಇದೆ ಎಂದು ನಾವು ತಿಳಿದಿದ್ದೆವು. ಉಳಿದ ನಾಲ್ಕು ಬಿಲ್ಲೆಗಳು ಒಂದು ಪೊಟ್ಟಣದಲ್ಲಿದ್ದವು. ಐದನೆಯದು ಕೆಳಗಿನ ಸಾಲಿನ ಮೊಳೆಯಲ್ಲಿ ಬೋಳು ಬೆನ್ನು ತೋರಿಸಿಕೊಂಡು ನೇತಾಡುತ್ತಿತ್ತು. ಅದು ಅಲುಗದ ಹಾಗೆ ಸಣ್ಣ ತಂತಿಯಿಂದ ಮೊಳೆಗೆ ಬಿಗಿದು ಕಟ್ಟಿತ್ತು.

"ಅವತ್ತು ಹೊತ್ತು ಇಳಿಸಿದಾಗ ಮೊದಲು ಹಲಗೆ ಹತ್ರ ಕರ್ಕೊಂಡು ಹೋಗಿ ಅಂದ್ರಂತೆ" ಎಂದರು ಅಕ್ಕ. "ನೋಡಿ, ಇದನ್ನ ಯಾರೂ ಮುಟ್ಟಬೇಡಿ ಅಂತ ಹಾಗೇ ಬಿಚ್ಚಿಸಿ ತಂದ್ರು. ತಂತಿ ನನ್ನ ಕೈಲೇ ಕಟ್ಸಿದ್ರು. ಹೀಗೆ ಹಾಕಿದವರೇ ಬಂದು ಬಿಚ್ಚಲಿ, ಅಲ್ಲೀವರೆಗೆ ಇರ್ಲಿ ಅಂದ್ರು. ಯಾರು ಅಂತ ಎಷ್ಟು ಕೇಳಿದ್ರೂ ಹೇಳ್ಲಿಲ್ಲ."

ಸುಧಾ ಬಗ್ಗಿ ನೋಡಿ, ಇದು ಯಾಕೆ ಉಲ್ಟಾ ಇದೆ ಎಂದು ಕೇಳಿದಳು.

ಆ ಕೋಣೆಯಲ್ಲಿ ಅದಕ್ಕೆ ಉತ್ತರ ಗೊತ್ತಿದ್ದವನು ನಾನೊಬ್ಬನೇ. ಅವರು ಇಲ್ಲವಾದ ಮೇಲೆ ಈ ಭೂಮಿಯ ಮೇಲೂ ಬಹುಶಃ ನಾನೊಬ್ಬನೇ. ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಮೊದಲ ದಿನದಿಂದ, ಕಂಬಳಿಯಲ್ಲಿ ಮಲಗಿ ಹಲಗೆ ನೋಡಿದ ಆ ಗಳಿಗೆಯಿಂದ, ಎಲ್ಲ ತಿಳಿದೂ ಎರಡು ವರ್ಷ ನನ್ನ ಎದುರು ಕೂತು ಚಕ್ಕುಲಿ ತಿಂದಿದ್ದರು. ಕ್ಷಮಿಸಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಕಾದಿದ್ದರು ಎಂಬುದಷ್ಟೇ ಗೊತ್ತು.

"ಬೇರೆಯವರ ಬಿಲ್ಲೆ ಹಾಕಿದ್ರೆ ಹೀಗೆ ಬೆನ್ನು ಮಾಡಿ ಹಾಕೋದು ನಮ್ಮ ಫೌಂಡ್ರಿ ಪದ್ಧತಿ" ಎಂದೆ. "ಹಾಕಿದ್ದು ನಾನು ಅಕ್ಕ."

ಸುಧಾ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಅಕ್ಕ ನನ್ನನ್ನೇ ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು.

"ಅವತ್ತು ಫೋನಲ್ಲಿ ಕೇಳಿದ್ನಲ್ಲ ನಿಮ್ಮನ್ನ" ಎಂದರು.

"ಕೇಳಿದ್ರಿ."

ಅವರು ಎದ್ದು ಒಳಗೆ ಹೋದರು. ಇನ್ನು ಬರುವುದಿಲ್ಲವೇನೋ ಎಂದುಕೊಂಡೆ. ಇಕ್ಕಳ ಹಿಡಿದುಕೊಂಡು ಬಂದು ನನ್ನ ಮುಂದೆ ಇಟ್ಟರು. ತಂತಿ ಬಿಚ್ಚಲು ನನಗೆ ಬಹಳ ಹೊತ್ತು ಹಿಡಿಯಿತು, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಬಿಲ್ಲೆ ಕೈಗೆ ಬಂದ ಮೇಲೆ ತಿರುಗಿಸಿ, ನಲವತ್ತೊಂದು ಎನ್ನುವುದು ಎಲ್ಲರಿಗೂ ಕಾಣುವ ಹಾಗೆ, ಮೇಲಿನ ಸಾಲಿನ ಮೊಳೆಗೆ ಹಾಕಿದೆ. ಆ ಸಂಜೆ ಅದು ಇರಬೇಕಾಗಿದ್ದ ಜಾಗ ಅದು. ಗಿರಿಜಮ್ಮನಿಗೆ ನಾಳೆಯೇ ಹೋಗಿ ಹೇಳುತ್ತೇನೆ ಎಂದೆ. ನೀವೇ ಹೋಗಬೇಕು ಎಂದರು ಅಕ್ಕ.

ಹಲಗೆಯನ್ನು ಹಜಾರದ ಗೋಡೆಗೆ ನೇತುಹಾಕಿಸಿದರು. ನಾವು ಹೊರಡುವಾಗ ಕತ್ತಲಾಗಿತ್ತು. ಅಂಗಡಿ ಮುಚ್ಚುವ ಅಭ್ಯಾಸದ ಶಿವಣ್ಣ ಬಾಗಿಲ ಬಳಿಯ ಸ್ವಿಚ್ಚಿಗೆ ಕೈ ಹಾಕಿದ.

"ದೀಪ ಆರಿಸ್ಬೇಡಿ" ಎಂದರು ಅಕ್ಕ. "ಬಿಲ್ಲೆ ಮೇಲಿದೆ."